ಅಳವಂಡಿಯಿಂದ ಬಂದ ಒಲ್ಲೆ

ಎಣ್ಣೆಗೆ ಬಿದ್ದ ಮೆಣಸಿನಕಾಯಿ ಒಮ್ಮೆ ಮುಳುಗಿತು, ಮೇಲೆ ಬಂತು, ಮಗ್ಗುಲು ಬದಲಿಸಿತು, ಹಿಟ್ಟಿನ ಅಂಗಿಯೊಳಗಿಂದ ತೊಟ್ಟು ಮಾತ್ರ ಹೊರಗೆ ಚಾಚಿಕೊಂಡು ಚುಂಯ್ ಎನ್ನುತ್ತಿತ್ತು, ಅದನ್ನೇ ನೋಡುತ್ತ ನಿಂತಿದ್ದ ದುರಗೇಶನ ಬೆನ್ನಿಗೆ ಮಾತು ಬಂದು ಬಡಿಯಿತು — ಲೇ ಹೀರೋ, ಅಳವಂಡ್ಯಾವ್ರು ಒಲ್ಲೆ ಅಂದ್ರಂತಲ್ಲಲೇ, ಹುಡುಗಿ ಹೋಗ್ಲಿ ಬಿಡು, ಅವರ ಮನಿ ನಾಯಿ ಸುದ್ದಾ ನಿನ್ನ ಮಾರಿ ನೋಡಿ ಒಲ್ಲೆ ಅಂತಂತ! ಸಿದ್ದೇಶ, ಅವನಲ್ಲದೆ ಇನ್ಯಾರು, ಗೊಬ್ಬರದಂಗಡಿಯ ಸಿದ್ದೇಶ, ಸಣ್ಣಂದಿನ ಗೆಳೆಯ, ಗಿಣಿಗೇರಾದಲ್ಲಿ ಯಾರಿಗೆ ಜ್ವರ ಬಂದರೂ ಮೈ ಬಿಸಿಯಾಗುವ ಮೊದಲೇ ಅವನಿಗೆ ಗೊತ್ತಾಗಿರುತ್ತದೆ, ಅದರಲ್ಲೂ ಅವನ ಅಕ್ಕನನ್ನು ಕೊಟ್ಟಿರುವುದು ಅಳವಂಡಿಗೇ. ಗಾದಿಲಿಂಗಪ್ಪನ ಮಿರ್ಚಿ ಅಂಗಡಿಯ ಮುಂದೆ ಬೆಂಚಿನ ಮೇಲೆ, ಬೈಕುಗಳ ಮೇಲೆ, ಊರ ಮಗ್ಗುಲಿನ ಉಕ್ಕಿನ ಪ್ಲಾಂಟಿನ ಮೊದಲ ಶಿಫ್ಟು ಮುಗಿಸಿ ಬಂದವರೆಲ್ಲ ಕೂತಿದ್ದರು, ಎಲ್ಲರ ಬಾಯೊಳಗಿನ ಮಂಡಕ್ಕಿ ನಗುವಿನ ಜೊತೆ ಹೊರಗೆ ಹಾರಿತು, ಒಬ್ಬನಿಗೆ ನೆತ್ತಿ ಹತ್ತಿತು, ಗಾದಿಲಿಂಗಪ್ಪ ಮಾತ್ರ ನಗಲಿಲ್ಲ, ಜಾಲರಿ ಸೌಟನ್ನು ಎಣ್ಣೆಯಲ್ಲೇ ನಿಲ್ಲಿಸಿ ದುರಗೇಶನ ಬಲಗೈಯನ್ನೇ ನೋಡಿದ, ಯಾಕೆಂದರೆ ಆ ಕೈ ಬಾಯಿಗಿಂತ ಮೊದಲು ಮಾತಾಡುವುದು ಊರಿಗೇ ಗೊತ್ತು, ಪ್ಲಾಂಟಿನ ಗೇಟಿನಲ್ಲಿ ಸೂಪರ್‌ವೈಸರನ ಹೆಲ್ಮೆಟ್ಟಿನ ಮೇಲೆ ಮಾತಾಡಿತ್ತು, ಅದಕ್ಕೂ ಎಷ್ಟೋ ಮೊದಲು ಎಂಟನೆಯ ತರಗತಿಯಲ್ಲಿ, ಎಲ್ಲರೆದುರು ಏನಲೇ ಎಮ್ಮಿ ಎಂದ ಮಾಸ್ತರರ ಮೇಜಿನ ಮೇಲಿನ ಭೂಗೋಳಕ್ಕೆ ಒಂದು ಬಿಟ್ಟಿತ್ತು, ಅದು ಉರುಳುತ್ತ ಬಾಗಿಲ ತನಕ ಹೋಯಿತು, ಅದರ ಹಿಂದೆಯೇ ಇವನೂ ಹೋದವನು ಮತ್ತೆ ಸಾಲಿ ಕಡೆ ಮುಖ ಹಾಕಲಿಲ್ಲ. ಈಗ ಏಳುತ್ತದೆ, ಅಂಗಡಿಯ ಭರಣಿಗಳು ಇವತ್ತು ಉಳಿಯುವುದಿಲ್ಲ ಎಂದು ದುರಗೇಶನೂ ಕಾದ. ಕೈ ಏಳಲಿಲ್ಲ. ಎದೆಯೊಳಗೆ ಏನೋ ಎದ್ದದ್ದು ನಿಜ, ಆದರೆ ಅದು ಸಿಟ್ಟಲ್ಲ, ದಿನವಿಡೀ ಬಿಗಿದಿದ್ದ ಸೇಫ್ಟಿ ಶೂ ಬಿಚ್ಚಿದಾಗ ಕಾಲಿನ ಬೆರಳುಗಳು ಒಂದೊಂದಾಗಿ ಅಗಲವಾಗುತ್ತವಲ್ಲ, ಅದು — ಒಲ್ಲೆ ಅಂದರಾ, ಖರೇ ಅಂದರಾ, ಹಂಗಾದರೆ ಮುಗಿಯಿತು, ಹಂಗಾದರೆ ಆ ಹುಡುಗಿ ಬಚಾವು, ನಾನೂ ಬಚಾವು.

ನಕ್ಕೋಂತ ನಿಂತಾನ ನೋಡ್ರಿ, ತಲಿ ಕೆಟ್ಟೈತಿ ಇವಂಗ, ಎಂದ ಮುನವ್ವರ, ವೆಲ್ಡಿಂಗ್ ಕೆಲಸದವನು, ಕಣ್ಣು ಸದಾ ಕೆಂಪು, ನೋಡಿದವರು ಅತ್ತು ಬಂದಿದ್ದಾನೆ ಎಂದುಕೊಳ್ಳಬೇಕು. ಅವನಿಗೂ ಮದುವೆಯಿಲ್ಲ, ಸಿದ್ದೇಶನಿಗೂ ಇಲ್ಲ, ಈ ಬೆಂಚಿಗೇ ಮದುವೆಯಿಲ್ಲ. ಈಗಿನ ಸಿನಿಮಾ ಎಲ್ಲಾ ಎರಡೆರಡು ಭಾಗ ಬರ್ತಾವಲೇ, ಇವನ ಹೀರೋಯಿನ್ನು ಎರಡನೇ ಭಾಗದಾಗ ಬರ್ತಾಳ ತಗೋ, ಎಂದು ಮುನವ್ವರ ಸಮಾಧಾನಕ್ಕೆ ಹೇಳಿದ್ದು, ಸಿದ್ದೇಶ ಬಿಟ್ಟಾನೆಯೆ, ಎರಡನೇದು ತಗೀಬೇಕಂದ್ರ ಮೊದಲನೇದು ಓಡಬೇಕಲ್ಲಪಾ, ಇವಂದು ಟೀಸರಿಗೇ ಮಂದಿ ಎದ್ದು ಹ್ವಾದ್ರು, ಪೋಸ್ಟರ್ ಅಷ್ಟ ಭಾರಿ ಇತ್ತು. ಪೋಸ್ಟರ್ ನಂದು, ನಾ ಮಾಡಿದ್ದು, ಎಂದು ಮುನವ್ವರ ಎದೆ ತಟ್ಟಿಕೊಂಡ, ಅದೂ ಸುಳ್ಳಲ್ಲ, ಹೆಣ್ಣಿನವರಿಗೆ ಕಳಿಸಲು ಫೋಟೋ ತೆಗೆದವನು ಅವನೇ, ಮೊಬೈಲಿನಲ್ಲಿ ಏನೇನೋ ಒತ್ತಿ ದುರಗೇಶನನ್ನು ಹಾಲಿನ ಕೆನೆಯಷ್ಟು ಬೆಳ್ಳಗೆ ಮಾಡಿಟ್ಟಿದ್ದ, ಕಪ್ಪು ಕನ್ನಡಕ ಬೇರೆ, ಅವ್ವ ನೋಡಿ ಇದ್ಯಾವ ಸಾಹೇಬರಪಾ ಅಂದಿದ್ದಳು. ನೀ ಯಾಕ ಇನ್ನಾ ಸಿಂಗಲ್ ಅದೀಯಲೇ ಮತ್ತ, ಎಂದು ಯಾರೋ ಮುನವ್ವರನಿಗೆ ಕೇಳಿದರೆ, ನಾನು ಹಳೇ ಥಿಯೇಟರ್ ಇದ್ದಂಗ ಮಾಮು, ಕುರ್ಚಿ ಮುರದಾವು, ಫ್ಯಾನ್ ತಿರಗಂಗಿಲ್ಲ, ಯಾರರ ಬಂದ್ರೂ ಇಂಟರ್ವಲ್‌ಗೆ ಎದ್ದು ಹೊಕ್ಕಾರ. ಮತ್ತೆ ನಗು. ರಜೆ ಬಿದ್ದರೆ ಮೂವರೂ ಒಂದೇ ಬೈಕಿನಲ್ಲಿ ಹಿಟ್ನಾಳ ದಾಟಿ ಗಂಗಾವತಿಗೆ ತೆಲುಗು ಸಿನಿಮಾಕ್ಕೆ ಹೋಗುವುದು, ಅರ್ಥವಾಗದ ಡೈಲಾಗಿಗೆ ಇನ್ನೂ ಜೋರು ಸೀಟಿ, ಹೀರೋ ನಿಧಾನಕ್ಕೆ ನಡೆದರೆ ಇವರೂ ಹೊರಬಂದು ಬೈಕ್ ನಿಲ್ಲಿಸಿದ ಕಡೆಗೆ ನಿಧಾನಕ್ಕೆ ನಡೆಯುವುದು, ಹೀರೋಯಿನ್ನು ಒಲ್ಲೆ ಅಂದರೆ ಹೀರೋ ಬೆನ್ನು ಹತ್ತುತ್ತಾನೆ, ಕಾಲೇಜಿನ ಗೇಟಿಗೆ, ಬಸ್ಸಿಗೆ, ಗುಡಿಗೆ, ಒಂದು ಹಾಡು ಮುಗಿಯುವುದರೊಳಗೆ ಅವಳ ಒಲ್ಲೆ ಕರಗಿ ಹೋಗುತ್ತದೆ, ಎಷ್ಟು ವರ್ಷ ಅದಕ್ಕೆ ಸೀಟಿ ಹೊಡೆದಿದ್ದಾನೆ, ನಾಲಿಗೆಯಡಿ ಬೆರಳಿಟ್ಟು, ಕಿವಿ ಗುಂಯ್ ಅನ್ನುವಂತೆ, ಈಗ ನೆನೆಸಿಕೊಂಡರೆ ಆ ಹೀರೋನನ್ನು ಪರದೆಯಿಂದ ಕೆಳಗೆಳೆದು ಎರಡು ಬಿಡಬೇಕು ಅನಿಸುತ್ತದೆ.

ಯಾಕೆಂದರೆ ಅಳವಂಡಿಯ ಹುಡುಗಿ ತನ್ನ ಒಲ್ಲೆಯನ್ನು ಹಾಡಿನಲ್ಲಿ ಹೇಳಲಿಲ್ಲ. ಹೆಣ್ಣು ನೋಡಲು ಹೋದ ದಿನ ಆ ಮನೆಯಲ್ಲಿ ಜಮಖಾನೆಯ ಮೇಲೆ ಹಿರಿಯರು, ತಾಟಿನಲ್ಲಿ ಅವಲಕ್ಕಿ, ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಅವ್ವ ಫಕೀರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹುಡುಗ ಪಿಯುಸಿ ಪಾಸ್ ಆಗ್ಯಾನ್ರಿ, ಪ್ಲಾಂಟಿನ್ಯಾಗ ಪರ್ಮನೆಂಟ್ ಅದಾನ್ರಿ, ಬಾಯಿ ಅಂದ್ರ ಬಾಯಿಲ್ಲರಿ ನಮ್ಮ ಹುಡುಗಗ, ಬಡಪಾಯಿ ಆಡು ಇದ್ದಂಗರಿ, ಎನ್ನುತ್ತಿದ್ದರೆ ಇವನು ಅವಲಕ್ಕಿಯ ತಾಟಿನಿಂದ ಕಣ್ಣೆತ್ತಲಿಲ್ಲ, ಈಗಿನ ಕಾಲದ ಹುಡುಗ್ರು, ಒಂದೆರಡು ಮಾತಾಡ್ಕೋಳ್ಳಿ ಬಿಡ್ರಿ, ಎಂದು ಯಾರೋ ದೊಡ್ಡ ಮನಸ್ಸು ಮಾಡಿ ಹಿತ್ತಲಿಗೆ ಕಳಿಸಿದರು. ಹುಡುಗಿ, ಶ್ವೇತಾ, ನಿಂತು ಮಾತಾಡಲಿಲ್ಲ, ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ ಮಾತಾಡಿದಳು, ಒಳಗಿಂದ ನೋಡಿದವರಿಗೆ ಕೆಲಸದಲ್ಲೇ ಇದ್ದಾಳೆ ಎನಿಸಬೇಕು, ಒಂದು ಲಂಗ ತೆಗೆದಳು, ನಾ ಕೊಪ್ಪಳದಾಗ ನರ್ಸಿಂಗ್ ಓದಾಕತ್ತೀನ್ರಿ, ಒಂದು ದುಪ್ಪಟ್ಟಾ ತೆಗೆದಳು, ನೀವು ಬ್ಯಾಡಂತಲ್ಲರಿ, ನನಗ ಈಗ ಯಾರೂ ಬ್ಯಾಡ. ನಾ ಒಲ್ಲೆ ಅಂದ್ರ ಅಪ್ಪ ಕಾಲೇಜು ಬಿಡಸ್ತಾನ. ಹಂಗಂತ ನೀವು ಒಲ್ಲೆ ಅಂದ್ರ, ಗಿಣಿಗೇರಾದಾವ ನೋಡಿ ಬಿಟ್ಟು ಹೋದ, ಹುಡುಗೀದು ಏನೋ ಐತಿ ಅಂತಾರ, ಅವಾಗೂ ಕಾಲೇಜು ಬಿಡಸ್ತಾನ. ಎರಡೂ ಬ್ಯಾಡ. ಏನರ ಮಾಡ್ರಿ, ನಿಮ್ಮ ಕಾಲ ಬೀಳ್ತೀನಿ ಅಂತೇನ ಅನ್ನಂಗಿಲ್ಲ, ಏನರ ಮಾಡ್ರಿ. ಅಷ್ಟೇ. ಬಟ್ಟೆಯ ಗಂಟು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಯಾರೂ ಅವನೊಡನೆ ಅಷ್ಟು ನೆಟ್ಟಗೆ ಮಾತಾಡಿದ್ದಿಲ್ಲ, ಅವ್ವ ರಮಿಸುತ್ತಾಳೆ, ಗೆಳೆಯರು ಕಿಚಾಯಿಸುತ್ತಾರೆ, ಸೂಪರ್‌ವೈಸರ್ ಒದರುತ್ತಾನೆ, ಇವಳು ಒಂದು ಕೆಲಸ ಒಪ್ಪಿಸಿದಂತೆ ಹೇಳಿ ಹೋದಳು, ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬಸ್ಸಿನುದ್ದಕ್ಕೂ ಅವ್ವ ಹುಡುಗಿ ಭಾಳ ಛಲೋ ಅದಾಳ ಎನ್ನುತ್ತಿದ್ದರೆ ಇವನು ಕಿಟಕಿಯಾಚೆ ಹತ್ತಿ ಹೊಲಗಳನ್ನು ನೋಡುತ್ತ, ಹುಡುಗಿ ಒಲ್ಲೆ ಅನ್ನಬಾರದು, ಹುಡುಗ ಒಲ್ಲೆ ಅನ್ನಬಾರದು, ಮತ್ತ ಅನ್ನಬೇಕಾದವರು ಯಾರು, ಮಣ್ಣಿನ ಗ್ವಾಡಿ ಅನ್ನಬೇಕೇನು, ಎಂದುಕೊಂಡ.

ಹೆಣ್ಣಿನವರು ಮಾತು ಮುಂದುವರಿಸುವ ಮೊದಲು ಹುಡುಗನ ಊರಿಗೆ ಒಬ್ಬರನ್ನು ಸುಮ್ಮನೆ ಕಳಿಸುತ್ತಾರೆ, ಅವರು ಚಹಾ ಕುಡಿಯುತ್ತ, ಕಟಿಂಗ್ ಮಾಡಿಸಿಕೊಳ್ಳುತ್ತ ಹುಡುಗ ಹೆಂಗ ಎಂದು ವಿಚಾರಿಸಬೇಕು, ಇದು ಹುಡುಗನ ಕಡೆಯವರಿಗೂ ಗೊತ್ತಿರುವುದೇ, ಅದಕ್ಕೇ ಅವ್ವ ಗಾದಿಲಿಂಗಪ್ಪನಿಗೆ ಮೊದಲೇ ಹೇಳಿಟ್ಟಿದ್ದಳು, ಯಣ್ಣಾ, ಯಾರರ ಬಂದು ಕೇಳಿದ್ರ ನಮ್ಮ ಹುಡುಗ ಬಂಗಾರ ಅನ್ನು. ಆದರೆ ಬಂದವನು ಊರೊಳಗೆ ಬರಲೇ ಇಲ್ಲ, ಪ್ಲಾಂಟಿನ ಗೇಟಿನ ಹತ್ತಿರವೇ ಬಸ್ಸಿಳಿದ, ಜಾಣ, ಊರಲ್ಲಿ ಕೇಳಿದರೆ ಸುಳ್ಳು ಹೇಳುತ್ತಾರೆ, ಕೆಲಸದ ಜಾಗದಲ್ಲಿ ಕೇಳಿದರೆ ಖರೇ ಹೇಳುತ್ತಾರೆ ಎಂದುಕೊಂಡಿರಬೇಕು, ಬಿಳಿ ಅಂಗಿ, ಬಿಳಿ ಧೋತರ, ಹುಡುಗಿಯ ಸೋದರಮಾವ ಆದೆಪ್ಪ, ಕುಷ್ಟಗಿಯವನು, ಹೆಣ್ಣು ನೋಡುವ ದಿನ ಬಂದಿರಲಿಲ್ಲ. ಅವತ್ತು ದುರಗೇಶ ಧೂಳಿನ ಕಡೆ ಕೆಲಸ ಮಾಡಿ ಹೊರಬಿದ್ದಿದ್ದ, ಹುಬ್ಬಿನಿಂದ ಗದ್ದದ ತನಕ ಕಪ್ಪು, ಹಲ್ಲು ಮಾತ್ರ ಅವನದು. ತಮ್ಮಾ, ಈ ಹುಡುಗ ಗುರ್ತ ಅದಾನೇನು ನಿನಗ, ಫಕೀರಮ್ಮನ ಮಗ ದುರಗೇಶ ಅಂತ, ಎಂದು ಆದೆಪ್ಪ ಮೊಬೈಲು ಹಿಡಿದು ತೋರಿಸಿದ, ಹಾಲಿನ ಕೆನೆಯ ಸಾಹೇಬ, ಕಪ್ಪು ಕನ್ನಡಕ. ಸಿನಿಮಾದಲ್ಲಿ ಹೀರೋ ಒಂದು ಮೀಸೆ ಅಂಟಿಸಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ, ಅದನ್ನು ಇವರು ಮೂವರೂ ಯಾವತ್ತೂ ನಂಬಿರಲಿಲ್ಲ, ಬೈದೇ ನೋಡುತ್ತಿದ್ದರು. ಗುರ್ತ ಅದಾನ್ರಿ, ಅಂದ ದುರಗೇಶ. ಹೆಂಗ, ಛಲೋ ಹುಡುಗೇನು? ಗ್ವಾಡಿ ಅನ್ನಬೇಕೇನು, ಹೂಂ, ಗ್ವಾಡಿನೇ ಅನ್ನಲಿ — ಸಿಟ್ಟಿನ ಮನಷ್ಯಾರಿ ಅವ, ಕೈ ಮುಂದ. ಪಿಯುಸಿ ಅಂದ್ರು? ಇಲ್ಲರಿ, ಎಂಟನೇತ್ತ ಬಿಟ್ಟಾನ. ಪರ್ಮನೆಂಟ್ ಅಂದ್ರು? ಕಾಂಟ್ರ್ಯಾಕ್ಟ್ ರಿ, ಬ್ಯಾಡಂದ ದಿನ ಮನಿಗೆ. ಕುಡಿತಾನೇನು? ಇಲ್ಲರಿ. ಹೂಂ ಅಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಬಾಯಿ ಬರಲಿಲ್ಲ. ನಿನ್ನ ತಂಗಿ ಇದ್ದಿದ್ರ ಕೊಡ್ತಿದ್ದೇನಪಾ ಅವಗ? ಇದನ್ನು ದುರಗೇಶನಿಗೆ ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ, ಈಗ ಕೊಡ್ತಿದ್ದಿಲ್ಲರಿ, ಅಂದ, ಅಂದದ್ದು ಅಭಿನಯವಲ್ಲ, ಅಂದ ಮೇಲೆ ಅವ್ವನ ಪಿಯುಸಿ, ಅವ್ವನ ಪರ್ಮನೆಂಟು, ಅವ್ವನ ಆಡು, ಎಲ್ಲ ಇಳಿದು ಹೋಗಿ ಅವನೊಬ್ಬನೇ ಉಳಿದ, ತೂಕವೇ ಇಲ್ಲ. ಅದೇ ಹುರುಪಿನಲ್ಲಿ, ಆ ಹುಡುಗಿ ನರ್ಸಿಂಗ್ ಓದ್ತಾಳಂತಲ್ಲರಿ, ಓದ್ಲಿ ಬಿಡ್ರಿ, ಎಂದುಬಿಟ್ಟ, ಆದೆಪ್ಪನ ಹುಬ್ಬು ಮೇಲೇರಿತು, ನಿನಗ ಹೆಂಗ ಗೊತ್ತದು? ದುರಗೇಶ ಥಟ್ಟನೆ ಮಾತು ತಿರುಗಿಸಿದ — ಅವನೇ ಊರ ತುಂಬ ಹೇಳ್ಕೋಂತ ಅಡ್ಡ್ಯಾಡಾಕತ್ಯಾನ್ರಿ. ಥೂ, ಅಂದ ಆದೆಪ್ಪ, ಹೊಟ್ಯಾಗ ಮಾತ ನಿಲ್ಲದಂವ ಅನ್ನು. ಹೂಂನ್ರಿ, ಒಂದೂ ನಿಲ್ಲಂಗಿಲ್ಲರಿ. ಬಸ್ಸು ಬಂತು, ಆದೆಪ್ಪ ಹತ್ತುವ ಮೊದಲು ಇವನ ಹೆಗಲು ಹಿಡಿದು ಅಲುಗಾಡಿಸಿ, ಛಲೋ ಆತು ತಮ್ಮಾ, ಖರೇ ಹೇಳಿದಿ, ನಿನ್ನಂಥಾಂವ ಸಿಕ್ಕಿದ್ರ ಕಣ್ಣ ಮುಚ್ಚಿ ಕೊಡ್ತಿದ್ವಿ ನೋಡು, ನಿಂದು ಮದಿವಿ ಆಗೈತೇನು? ಆಗೈತ್ರಿ, ಎರಡು ಮಕ್ಳು. ಆ ದಿನ ಹೇಳಿದ ದೊಡ್ಡ ಸುಳ್ಳು ಅದೇ. ಆದೆಪ್ಪ ಹೆಗಲಿಂದ ತೆಗೆದ ಕೈ ನೋಡಿಕೊಂಡ, ಅಂಗೈ ಪೂರ್ತಿ ಕಪ್ಪು, ಒರೆಸಿಕೊಳ್ಳುತ್ತಾನೆ ಎಂದುಕೊಂಡರೆ ಒರೆಸಿಕೊಳ್ಳಲಿಲ್ಲ, ನಕ್ಕ, ಅದೇ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಮೇಲೇರಿದ.

ನಮ್ಮೂರಾವ ಯಾವನೋ ಎಲ್ಲಾ ಬಿಚ್ಚಿ ಹೇಳ್ಯಾನಂತಲೇ, ಎನ್ನುತ್ತಿದ್ದಾನೆ ಸಿದ್ದೇಶ, ಅಕ್ಕ ಫೋನ್ ಮಾಡಿದ್ಳು, ಯಾವನರ ಇರ್ಲಿ ಅವಗ ನನ್ನ ಕಡಿಂದ ಒಂದು ಪ್ಲೇಟ್ ಮಿರ್ಚಿ, ಮಗ ಒಂದೂ ಸುಳ್ಳ ಹೇಳಿಲ್ಲ ನೋಡ್ರಿ, ಮತ್ತೆ ನಗು, ದುರಗೇಶನಿಗೂ ನಗು ಬಂತು, ಕೆನ್ನೆ ಕಚ್ಚಿಕೊಂಡ, ಹುಡುಗಿ ಏನಂದ್ಳಂತ, ಎಂದು ಮುನವ್ವರ ಕೇಳಿದ, ಹುಡುಗಿ ಏನಂತಾಳ, ಅಪ್ಪ ಮಾವ ಹ್ಯಾಂಗಂತಾರ ಹಾಂಗ ಅಂದ್ಳಂತ, ಕಾಲೇಜಿಗೆ ಹೊಂಟಾಳ, ಎಂದ ಸಿದ್ದೇಶ. ಹೊಂಟಾಳ. ಒಂದು ಮಾತು, ಅಷ್ಟು ಸಾಕು, ಅವ್ವ ಇವತ್ತು ಅಳುತ್ತಾಳೆ, ಅಳಲಿ, ಸಂತೈಸಿದರಾಯಿತು. ಆದರೆ ಸಿದ್ದೇಶ ಬೆಂಚಿನಿಂದೆದ್ದು ಹತ್ತಿರ ಬಂದ, ದನಿ ಏರಿಸಿಯೇ ಕೇಳಿದ, ಎಲ್ಲರಿಗೂ ಕೇಳಲಿ ಎಂದೇ, ಖರೇ ಹೇಳು ಹೀರೋ, ಹಿತ್ತಲದಾಗ ಆಕಿ ಏನಂದ್ಳು ನಿನಗ, ನಿಂತು ಮಾತಾಡಿದ್ಳೋ ಇಲ್ಲಾ ಥೂ ಅಂದು ಉಗುಳಿ ಹ್ವಾದ್ಳೋ, ಗಂಡಸಾಗಿದ್ರ ಬಾಯಿ ಬಿಡು. ಹೇಳಬಹುದು, ನಾಲಿಗೆಯ ತುದಿಯಲ್ಲೇ ಇದೆ, ಅವರು ಒಲ್ಲೆ ಅಂದಿಲ್ಲಲೇ, ನಾನೇ ಅನಿಸಿದ್ದು, ಒಂದು ವಾಕ್ಯಕ್ಕೆ ಈ ಬೆಂಚೆಲ್ಲ ಬಾಯಿ ತೆರೆದು ಕೂರುತ್ತದೆ, ಇಂಥ ಸೀನು ಯಾವ ಸಿನಿಮಾದಲ್ಲೂ ಬಂದಿಲ್ಲ, ಸೀಟಿ ಬೀಳುತ್ತದೆ — ಮತ್ತು ಇವತ್ತೇ ಸಿದ್ದೇಶನ ಫೋನು ಅಕ್ಕನಿಗೆ ಹೋಗುತ್ತದೆ, ಅಕ್ಕನಿಂದ ನೀರು ತುಂಬುವ ನಳದ ಹತ್ತಿರ, ನಳದಿಂದ ಆ ಜಮಖಾನೆಯ ಮನೆಗೆ, ನಾಳೆ ಕೊಪ್ಪಳದ ಬಸ್ಸಿನಲ್ಲಿ ಒಂದು ಸೀಟು ಖಾಲಿ. ಸಿದ್ದೇಶ ಕಾಯುತ್ತಿದ್ದಾನೆ, ಅವನ ಗಲ್ಲದ ಮೇಲೆ ಮಂಡಕ್ಕಿಯ ಚೂರೊಂದು, ಹೊಡೆಯಲು ಎಷ್ಟು ಸರಿಯಾದ ಜಾಗ. ಗಾದಿಲಿಂಗಪ್ಪ ಕಾಗದದಲ್ಲಿ ಸುತ್ತಿದ ಮಿರ್ಚಿ ಚಾಚಿದ, ದುರಗೇಶ ಇಸಿದುಕೊಂಡ, ಬಿಸಿ ಅಂಗೈಗೆ ತಾಗಿತು, ತಿರುಗಿದ, ಲೇ, ಲೇ ಹೀರೋ, ಹಿಂದಿನಿಂದ ಸಿದ್ದೇಶ, ಉತ್ತರ ಕೊಟ್ಟು ಹೋಗಲೇ, ಓಡಿ ಹೊಕ್ಕಾನ ನೋಡ್ರಿ, ನಗು, ಇನ್ನೊಂದು ನಗು, ಬಿಡ್ರಲೇ ಪಾಪ, ಎಂದು ಮುನವ್ವರ, ರಸ್ತೆಯ ಮೇಲೆ ಲಾರಿಯೊಂದು ಅದಿರಿನ ಧೂಳೆಬ್ಬಿಸಿ ಹೋಯಿತು, ದನಿಗಳು ಅದರ ಹಿಂದೆ ಸಣ್ಣಗಾದವು, ಇವನು ನಿಧಾನಕ್ಕಲ್ಲ, ಹೀರೋನಂತಲ್ಲ, ಶಿಫ್ಟು ಬಿಟ್ಟವನು ಮನೆಗೆ ಹೋಗುವಂತೆ ಹೋಗುತ್ತಿದ್ದಾನೆ, ಏನನ್ನೂ ಯೋಚಿಸುತ್ತಿಲ್ಲ, ಕಣ್ಣೆದುರು ಅವತ್ತಿನ ಬಸ್ಸಿನ ಬಾಗಿಲು, ಆದೆಪ್ಪನ ಬಿಳಿ ಅಂಗಿಯ ತೋಳು, ಅದರ ತುದಿಗೆ ಕಂಬಿಯನ್ನು ಬಿಗಿಯಾಗಿ ಹಿಡಿದ ಕಪ್ಪು ಅಂಗೈ, ಬಸ್ಸು ಹೊರಟರೂ ಒರೆಸಿಕೊಳ್ಳದ ಕಪ್ಪು ಅಂಗೈ, ಅಂಗೈ —