ನಬಿಸಾಬನ ಬಿಲ್ಲು

ನಬಿಸಾಬ ಹತ್ತಿ ಹಿಂಜುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನೆದುರು ದಂಡು ದಾಳಿ ಎಂದು ಬಾಯಿ ಬಿಡಬಾರದು. ಜೀವಮಾನದಲ್ಲಿ ಅವನು ಒಂದು ಕೋಳಿಯನ್ನೂ ತನ್ನ ಕೈಯಾರೆ ಕೊಯ್ದವನಲ್ಲ. ಅದಕ್ಕೂ ಪಕ್ಕದ ಓಣಿಯಿಂದ ಯಾರನ್ನೋ ಕರೆಸುತ್ತಿದ್ದ. ಹೆಂಡತಿ ಅಮೀನಬಿ ಇದನ್ನು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನಾವಿಬ್ಬರೂ ಅಗಸಿಹಾಳದವರು. ಹುನಗುಂದ ತಾಲೂಕಿನ ನಮ್ಮ ಊರಿನ ಸುತ್ತ ರಾಜರ ಕಾಲದ ಕಲ್ಲಿನ ಕೋಟೆ, ಕೋಟೆಯೊಳಗೆ ಅದೇ ಕಾಲದ ಗುಡಿಗಳು. ಹೆಜ್ಜೆಗೊಂದು ಗುಡಿ ಇದ್ದ ಊರಲ್ಲಿ ಬಡವರು ಎಲ್ಲಿರಬೇಕು? ಗುಡಿಯಲ್ಲೇ ಇದ್ದರು, ತಲೆತಲಾಂತರದಿಂದ ಇದ್ದರು. ಕಂಬಾರರು ಇದ್ದದ್ದು ಕಂಬಾರರ ಗುಡಿಯಾಯಿತು, ನಬಿಸಾಬ ಇದ್ದದ್ದು ನಬಿಸಾಬನ ಗುಡಿಯಾಯಿತು. ಗರ್ಭಗುಡಿಯಲ್ಲಿ ಲಿಂಗ, ಹೊರಗಿನ ಕಂಬಗಳ ನಡುವೆ ಅವನ ಸಂಸಾರ. ಸೋಮವಾರಕ್ಕೊಮ್ಮೆ ನಾನು ಪೂಜೆಗೆ ಹೋದರೆ ಅಮೀನಬಿ ಒಲೆಯ ಮುಂದಿನಿಂದ ಎದ್ದು ದಾರಿ ಬಿಡುತ್ತಿದ್ದಳು. ಉಳಿದ ದಿನ ಸಂಜೆ ಲಿಂಗದ ಮುಂದೆ ದೀಪ ಹಚ್ಚುತ್ತಿದ್ದವಳು ಅವಳೇ. ಆ ದೀಪ ಹಚ್ಚದೆ ಒಲೆ ಹಚ್ಚುತ್ತಿರಲಿಲ್ಲ. "ಮನಿ ಮಾಲಕ ಒಳಗ ಕತ್ತಲಾಗ ಕುಂತಾನ, ನಮ್ಮ ಒಲಿ ಹೆಂಗ ಹಚ್ಚೂದ್ರಿ ಐನಾರ?" ಎನ್ನುತ್ತಿದ್ದಳು.

ಎಪ್ಪತ್ತೆರಡರ ಸುಮಾರಿಗೆ, ಗುಡಿಗಳನ್ನು ಕಾಪಾಡಬೇಕೆಂದು ಸರಕಾರದವರು ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿದರು. ಯಾರಿಂದ ಕಾಪಾಡಬೇಕು, ದೀಪ ಹಚ್ಚುವವರಿಂದಲೇ ಎಂದು ಜೀಪಿನಲ್ಲಿ ಬಂದವರನ್ನು ನಾನು ಅಂದೇ ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ. ಕೆಲವರು ಕೋಟೆಯ ಹೊರಗೆ ಹೊಸ ಊರು ಕಟ್ಟಿಕೊಂಡರು. ನಬಿಸಾಬನ ಮಗ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ, ನನ್ನ ತಮ್ಮನ ಅಂಗಡಿಯೂ ಅಲ್ಲೇ ಇತ್ತು. ಹಾಗೆ ನಾವಿಬ್ಬರೂ ಇಳಕಲ್ಲಿನವರಾದೆವು. ಅಲ್ಲಿಗೆ ಬಂದ ಮೇಲೆ ನಬಿಸಾಬ ಹತ್ತಿ ಹಿಂಜುವ ಬಿಲ್ಲು ಹಿಡಿಯಲಿಲ್ಲ. ಎಂಬತ್ತೆರಡರಲ್ಲಿ ಅಮೀನಬಿಯೂ ತೀರಿಕೊಂಡಳು.

ಎಂಬತ್ತಮೂರರ ಎಳ್ಳಮಾಸಿ, ಎಳ್ಳಿನ ಅಮಾವಾಸ್ಯೆ, ಹತ್ತಿರವಿತ್ತು. ಬಸ್ಸು ಓಡಿಸುವ ಖಾದರಬಾಷಾ ಬಂದು, "ಕಾಕಾ, ಅಗಸಿಹಾಳದಾಗ ನಿಮ್ಮ ಹೆಸರ ಬೋರ್ಡಿನ ಮ್ಯಾಲ ಬರದಾರ. ಇಷ್ಟಿಷ್ಟ ದೊಡ್ಡ ಅಕ್ಷರದಾಗ" ಎಂದು ಹೇಳಿಹೋದ. ಅಷ್ಟೇ, ನಬಿಸಾಬ ನಿಂತಲ್ಲಿ ನಿಲ್ಲಲಿಲ್ಲ, ಕುಂತಲ್ಲಿ ಕೂಡಲಿಲ್ಲ. ಓದಲು ಅವನಿಗೆ ಬರುವುದಿಲ್ಲ. ಓದಿ ಹೇಳಲು ನಾನು ಬೇಕು.

ಮರುದಿನವೇ ಮೊದಲ ಬಸ್ಸಿಗೆ ಹೊರಟೆವು. ಕ್ರಾಸಿನಲ್ಲಿಳಿದು ಕೋಟೆಯ ಕಡೆಗೆ ನಡೆಯುವಾಗ ಹಲ್ಲು ಕಟಕಟ ಎನ್ನುವ ಥಂಡಿ. ಜೋಳದ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸೊಸೆ ಸುಗರಾ ಕೊಟ್ಟ ಕಂಬಳಿಯನ್ನು ಅವನು ಮಡಚಿ ಬಗಲಲ್ಲಿ ಇಟ್ಟುಕೊಂಡು, ಹೊಸ ಅಂಗಿಯಲ್ಲಿ ಗಡಗಡ ನಡುಗುತ್ತ ನಡೆಯುತ್ತಿದ್ದ.

"ಹೊದ್ಕೊಳ್ಳೋ, ಸಾಯತಿ" ಅಂದೆ.

"ಬೋರ್ಡಿನ್ಯಾಗ ಹೆಸರಿದ್ದಾಂವ ಕಂಬಳಿ ಹೊದ್ಕೊಂಡು ಹೋಗೂದೇನ್ರಿ, ಐನಾರ?"

ಕೋಟೆಯ ದೊಡ್ಡ ಬಾಗಿಲಿನಲ್ಲಿ, ನಮ್ಮೂರ ಅಗಸಿಯಲ್ಲಿ, ಇಂದ್ರಾಬಾಯಿ ಬುಟ್ಟಿ ಇಟ್ಟುಕೊಂಡು ಬಾರಿಹಣ್ಣು ಮಾರುತ್ತಿದ್ದಳು. ಅಮೀನಬಿಯ ಬೆನ್ನು ಬಿಡದೆ ಬೆಳೆದವಳು, ಈಗ ತಲೆ ಬೆಳ್ಳಗಾಗಿದೆ. ನಮ್ಮನ್ನು ಕಂಡು ಅತ್ತಳು, ನಕ್ಕಳು, ನಬಿಸಾಬನ ಕಂಬಳಿಯ ಸೆರಗಿನ ತುಂಬ ಬಾರಿಹಣ್ಣು ಸುರಿದಳು.

ಒಳಗೆ ಹೋದೆವು. ಎಲ್ಲ ಸ್ವಚ್ಛ, ಎಲ್ಲ ಚಂದ. ನನಗಂತೂ ಕಣ್ಣಿಗೆ ಖಾರ ಎರಚಿದಂತಾಯಿತು. ಓಣಿಗಳಿಲ್ಲ. ನೆರೆಮನೆಯ ಶಿವಲಿಂಗವ್ವನ ಪಡಸಾಲೆ ಇದ್ದಲ್ಲಿ ಮದರಂಗಿ ಬೇಲಿ. ನಾನು ಹುಟ್ಟಿದ ಮನೆ ಇದ್ದಲ್ಲಿ ಹುಲ್ಲು ಬೆಳೆಸಿ, ಹುಲ್ಲಿನ ಮೇಲೆ ನಡೆಯಬಾರದು ಎಂದು ಬರೆದಿದ್ದರು. ನಾನು ಬೇಕಂತಲೇ ಅದರ ಮೇಲೆ ನಡೆದೆ, ಅಡುಗೆಮನೆಯಿಂದ ದನದ ಕೊಟ್ಟಿಗೆಯವರೆಗೆ. ನಬಿಸಾಬ ಮಾತ್ರ ಕಾಲುದಾರಿಯನ್ನು ಬಿಡಲಿಲ್ಲ. ಬರೆದದ್ದನ್ನು ಮೀರುವ ಮನುಷ್ಯನಲ್ಲ ಅವನು.

ಗುಡಿಯ ಮುಂದೆ ನೀಲಿ ಬೋರ್ಡು ಇತ್ತು. ನಾನು ಓದಿದೆ: "ನಬಿಸಾಬನ ಗುಡಿ."

"ಇನ್ನೊಮ್ಮೆ ಓದ್ರಿ."

ಓದಿದೆ. ಅವನು ನನ್ನ ಬೆರಳು ಹೋದಲ್ಲೆಲ್ಲ ತನ್ನ ಬೆರಳು ಇಟ್ಟು ನೋಡಿದ. "ಅಕಿ ಇದ್ದಿದ್ರ ಬಿದ್ದು ಬಿದ್ದು ನಗತಿದ್ಲು" ಅಂದ. ಕಣ್ಣು ತುಂಬಿಕೊಂಡವು.

ಅಷ್ಟರಲ್ಲಿ ಬಾಗಲಕೋಟೆ ಕಡೆಯ ಸಾಲೆಯ ಮಕ್ಕಳು ಪ್ರವಾಸಕ್ಕೆ ಬಂದವರು ಗುಡಿಯನ್ನು ತುಂಬಿಕೊಂಡರು. ಎರಡು ಜಡೆಯ ಒಬ್ಬ ಹುಡುಗಿ ಬಾರಿಹಣ್ಣನ್ನೇ ನೋಡುತ್ತ ನಿಂತಿತ್ತು. ನಬಿಸಾಬ ಕರೆದು ಅದರ ಬೊಗಸೆ ತುಂಬಿಸಿದ. ಅದು ಅಲ್ಲೇ ಅವನ ಮಗ್ಗುಲಿಗೆ ನಿಂತು ತಿನ್ನತೊಡಗಿತು. ಮಕ್ಕಳಿಗೆ ಊರು ತೋರಿಸಲು ಬಂದವನು ಚೊಳಚಗುಡ್ಡದ ಕಡೆಯ ಹುಲ್ಲಪ್ಪ ಎಂಬ ಹುಡುಗ. ಕೊರಳಲ್ಲಿ ಮಫ್ಲರ್, ಕೈಯಲ್ಲಿ ಬೆತ್ತ. ಒಂದು ಕಂಬದ ಹತ್ತಿರ ನಿಂತು ಶುರುಮಾಡಿದ.

"ನೋಡ್ರಿ ಮಕ್ಕಳಾ, ಈ ಗುಡಿಗೆ ಈ ಹೆಸರ ಯಾಕ ಬಂತು? ಮುನ್ನೂರು ವರ್ಷದ ಹಿಂದ ನಬಿಸಾಬ ಅಂತ ಒಬ್ಬ ದಂಡನಾಯಕ ಕೋಟಿ ಒಡದು ಒಳಗ ನುಗ್ಗಿದ. ಭಾಳ ಕ್ರೂರಿ. ಅಲ್ಲಿ ಮ್ಯಾಲ ಕೊಂಡಿ ಕಾಣತೈತಲ್ಲ, ಅದಕ್ಕ ಅವನ ಬಿಲ್ಲು ತೂಗತಿತ್ತು. ಆಳೆತ್ತರದ ಬಿಲ್ಲು! ಕಡೀಕ ಗುಡಿಗೇ ಬೆಂಕಿ ಹಚ್ಚಿ ಹೋದ. ಆ ಮಸಿ ಇನ್ನೂ ಹೋಗಿಲ್ಲ, ಕಂಬದ ಮ್ಯಾಲ ನೋಡ್ರಿ."

ಮಕ್ಕಳು ಬಾಯಿ ತೆರೆದು ಮಸಿಯನ್ನು ನೋಡಿದರು. ಎರಡು ಜಡೆಯ ಹುಡುಗಿ ಹೆದರಿ ನಬಿಸಾಬನ ಕಂಬಳಿಯನ್ನು ಹಿಡಿದುಕೊಂಡಿತು.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಮಸಿ ಅಮೀನಬಿಯ ಒಲೆಯದು! ನನಗೆ ಸಿಟ್ಟು ಬಂದರೆ ಹಿಂದುಮುಂದು ತಿಳಿಯುವುದಿಲ್ಲ. ನಾನು ಮಕ್ಕಳನ್ನು ಸರಿಸಿಕೊಂಡು ಮುಂದೆ ಹೋದೆ.

"ಲೇ ತಮ್ಮಾ, ಬೆಂಕಿ ಹಚ್ಚಿದ್ದು ಖರೆ. ದಿನಾ ಎರಡು ಹೊತ್ತು ಹಚ್ಚತಿದ್ರು, ರೊಟ್ಟಿ ಬಡಿಯಾಕ! ಆ ರೊಟ್ಟಿ ನಾ ತಿಂದೇನಿ. ನಿನಗ ಯಾಂವ ಹೇಳಿದ ಈ ಕತಿ?"

ಹುಲ್ಲಪ್ಪ ತಬ್ಬಿಬ್ಬಾದ. "ಅಗಸ್ಯಾಗ ಬಾರಿಹಣ್ಣು ಮಾರೂ ಅಜ್ಜಿ ಹೇಳಿದ್ಲರಿ, ನಬಿಸಾಬನ ಬಿಲ್ಲು ಇಲ್ಲೇ ತೂಗತಿತ್ತು ಅಂತ. ಬಿಲ್ಲು ಇದ್ದಾಂವ ಅಂದ್ರ ದಂಡಿನ್ಯಾಂವ ಅಲ್ಲೇನ್ರಿ?"

"ಹತ್ತಿ ಹಿಂಜೂ ಬಿಲ್ಲೋ ಅದು! ಗಾದಿ ಮಾಡೂ ಪಿಂಜಾರನ ಬಿಲ್ಲು! ಅದರ ಟಂಯ್ ಟಂಯ್ ಕೇಳದ ಈ ಊರಾಗ ಒಂದು ಲಗ್ನ ಆಗಿಲ್ಲ. ಯಾರನ್ನ ಹೊಡಿತಿದ್ದ ಆ ಬಿಲ್ಲಿನಿಂದ, ಹತ್ತಿ ಅರಳೀನ?"

ಹುಡುಗ ನನ್ನ ಹತ್ತಿರ ಸರಿದು ದನಿ ಇಳಿಸಿದ. "ಇರಬಹುದ್ರಿ ಅಜ್ಜಾರ. ಆದ್ರ ಹತ್ತಿ, ರೊಟ್ಟಿ ಅಂದ್ರ ಮಂದಿ ನಿಂದ್ರೂದಿಲ್ರಿ. ದಂಡು ಬಂತು ಅಂದ್ರ ನಿಂತು ಕೇಳತಾರ."

ತಿಳಿಯದೆ ಆಡಿದ್ದನ್ನು ಕ್ಷಮಿಸಬಹುದಿತ್ತು. ತಿಳಿದ ಮೇಲೂ ಅದನ್ನೇ ಆಡುತ್ತೇನೆ ಎನ್ನುವವನಿಗೆ ಏನು ಹೇಳಬೇಕು? ಆ ಬೆತ್ತವನ್ನು ಕಸಿದುಕೊಂಡು ಅವನ ಬೆನ್ನಿಗೇ ಎರಡು ಬಾರಿಸಬೇಕೆನಿಸಿತು. ಅಷ್ಟರಲ್ಲಿ ಮಾಸ್ತರು ಅಡ್ಡ ಬಂದರು.

"ಹಿರಿಯರೇ, ಮಕ್ಕಳ ಮುಂದೆ ಜಗಳ ಬೇಡ. ಅಷ್ಟಕ್ಕೂ ನೀವು ಯಾರು? ಇವರು ಯಾರು?" ಎಂದು ನಬಿಸಾಬನ ಕಡೆ ಕೈ ಮಾಡಿದರು.

ನನಗೆ ಬೇಕಾದದ್ದೂ ಅದೇ. "ಇಂವ ಯಾರು ಅಂತೀರೇನು? ಎಲ್ಲಾರೂ ಕೇಳ್ರಿ. ಇಂವನ ನೋಡ್ರಿ…"

ನಬಿಸಾಬ ನನ್ನ ಮುಂಗೈ ಹಿಡಿದ. ವರ್ಷಗಟ್ಟಲೆ ಬಿಲ್ಲು ಹಿಡಿದ ಕೈ, ಮೂಳೆ ನೋಯುವಂತೆ ಅಮುಕಿತು.

"ನಾ ಅಕ್ಬರಸಾಬ ಅಂತ್ರಿ" ಅಂದ. "ಇಳಕಲ್ಲಿನಾಂವ. ಸುಮ್ಮ ನೋಡಾಕ ಬಂದೇನ್ರಿ."

ಅಕ್ಬರಸಾಬ ಅವನ ಮಗನ ಹೆಸರು.

ಮಾಸ್ತರು ಆಯಿತು ಎಂದು ತಲೆಯಾಡಿಸಿದರು, ಹುಲ್ಲಪ್ಪ ಬೆತ್ತ ಎತ್ತಿಕೊಂಡು ಮಕ್ಕಳನ್ನು ಮುಂದಿನ ಗುಡಿಗೆ ಕರೆದೊಯ್ದ. ಹುಡುಗಿ ಹೋಗುತ್ತ ಇನ್ನೊಂದು ಮುಷ್ಟಿ ಬಾರಿಹಣ್ಣು ಕೇಳಿತು. ನಬಿಸಾಬ ಕೊಟ್ಟ. ಎಲ್ಲರೂ ಹೋದ ಮೇಲೆ ಕಂಬದ ಹತ್ತಿರ ಹೋಗಿ ಮಸಿಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ಅಂಗೈಗೆ ಹತ್ತಿದ ಕಪ್ಪನ್ನು ಒರೆಸಿಕೊಳ್ಳಲಿಲ್ಲ. ಹೊರಗೆ ಬರುವಾಗ ಬೋರ್ಡಿನ ಕಡೆ ನೋಡಲೂ ಇಲ್ಲ.

ನಾವು ಅಗಸಿಗೆ ಬರುವಷ್ಟರಲ್ಲಿ ಮಕ್ಕಳು ತಮ್ಮ ಬಸ್ಸು ಹತ್ತುತ್ತಿದ್ದರು. ಇಂದ್ರಾಬಾಯಿ ಬುಟ್ಟಿಯ ಮುಂದೆ ಎದ್ದು ನಿಂತು ಕೂಗಿದಳು. "ನಬಿಸಾಬ ಕಾಕಾ! ಮತ್ತ ಯಾವಾಗ ಬರ್ತೀರಿ? ನಬಿಸಾಬ ಕಾಕಾ!"

ಅವನು ತಿರುಗಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಬಿರಬಿರನೆ ನಡೆದ. ಕೈ ಎತ್ತಿ ಅವಳಿಗೆ ಸಮಾಧಾನ ಹೇಳಬೇಕಾದವನು ನಾನಾದೆ. ಓಡುನಡಿಗೆಯಲ್ಲಿ ಹೋಗಿ ಅವನ ತೋಳು ಹಿಡಿದು ಜಗ್ಗಿದೆ.

"ನಾಚಿಕಿ ಬರಲಿಲ್ಲೇನೋ ನಿನಗ? ಅಂವ ಸುಳ್ಳ ಹೇಳಿದ, ನೀನೂ ಸುಳ್ಳ ಹೇಳಿದಿ! ನಾನ ನಬಿಸಾಬ ಅಂದಿದ್ರ ಅವನ ಬಾಯಿ ಅಲ್ಲೇ ಬಂದಾಗತಿತ್ತು!"

"ಆಗತಿತ್ರಿ" ಅಂದ ನಬಿಸಾಬ. "ಆದ್ರ ಆ ಕೂಸು ನನ್ನ ಕಂಬಳಿ ಹಿಡಕೊಂಡಿತ್ರಿ, ಐನಾರ. ನಬಿಸಾಬ ಅಂದ್ರ ಅಂಜಿ, ಅವನ ಹತ್ರಾನ ಬಂದು ನಿಂತಿತ್ತು. ಹೆಸರ ಹೇಳಿದ್ರ ಕೈಯಾನ ಬಾರಿಹಣ್ಣು ಚೆಲ್ಲಿ ಓಡಿಹೋಗತಿತ್ರಿ."

ನಾನು ಅವನ ತೋಳು ಬಿಟ್ಟೆ. ಹಿಂದಿನಿಂದ ಸಾಲೆಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಕಿಟಕಿಯಿಂದ ಎರಡು ಜಡೆ ಹೊರಗೆ ಚಾಚಿ, "ಅಕ್ಬರಸಾಬಜ್ಜಾ! ಅಕ್ಬರಸಾಬಜ್ಜಾ!" ಎಂದು ಕೂಗಿತು.

ನಬಿಸಾಬ ತಟ್ಟನೆ ತಿರುಗಿದ. ಮಸಿ ಹತ್ತಿದ ಕೈಯನ್ನು ಎತ್ತಿ, ಬಸ್ಸು ಕಾಣದಾಗುವವರೆಗೂ ಬೀಸುತ್ತ ನಿಂತ.