ನೂರ ಹತ್ತು ನಿಮಿಷ

ವಿಮಾನದವರ ಲೆಕ್ಕದಲ್ಲಿ ಆ ಎರಡು ನಗರಗಳ ನಡುವೆ ಸಾವಿರದ ಇನ್ನೂರು ಕಿಲೋಮೀಟರು, ನೂರು ನಿಮಿಷದ ಹಾರಾಟ. ಔಷಧ ತಯಾರಿಸುವ ಆಕೆಯ ಲೆಕ್ಕವೇ ಬೇರೆ. ಪ್ರಯೋಗಾಲಯದಿಂದ ವಿಮಾನ ನಿಲ್ದಾಣಕ್ಕೆ ಮೂವತ್ತೈದು, ಸರಕಿನ ಕೌಂಟರಿನಲ್ಲಿ ಅರವತ್ತು, ಹಾರಾಟ ನೂರು, ಇಳಿದ ಮೇಲೆ ಆಸ್ಪತ್ರೆಗೆ ಇಪ್ಪತ್ತೈದು. ಒಟ್ಟು ಇನ್ನೂರ ಇಪ್ಪತ್ತು. ಸೀಸದ ಡಬ್ಬಿಯಲ್ಲಿ ಕಳಿಸುವ ಆ ವಿಕಿರಣದ ದ್ರವದ ಶಕ್ತಿ ನೂರ ಹತ್ತು ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ತಾನೇ ಅರ್ಧವಾಗುತ್ತದೆ. ಯಾರು ಕೈಮುಗಿದರೂ ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿ ಆರು ಜನರ ಸ್ಕ್ಯಾನಿಗೆ ಬೇಕಾದದ್ದರ ನಾಲ್ಕರಷ್ಟನ್ನು ಇಲ್ಲಿ ತುಂಬಬೇಕು. ಹನ್ನೊಂದು ವರ್ಷ, ವಾರಕ್ಕೆ ಐದು ಬೆಳಗು, ತುಂಬಿ ತುಂಬಿ ಆಕೆಯ ಸೊಂಟ ಬಿದ್ದುಹೋಗಿತ್ತು.

ಆ ದಿನ ಡಬ್ಬಿ ವಿಮಾನ ಹತ್ತಿತು, ವಿಮಾನ ಮಾತ್ರ ನೆಲ ಬಿಡಲಿಲ್ಲ. ಮಂಜು. ಪ್ರತಿ ಸಲ ಫೋನು ಮಾಡಿದಾಗಲೂ ಸರಕಿನ ಗುಮಾಸ್ತ ಇನ್ನೇನು ಹೊರಟೇಬಿಟ್ಟಿತು ಎಂದು ಅದೇ ರಾಗ ಎಳೆದ. ನಿಜವಾಗಿ ಹೊರಟಾಗ ನೂರ ಹತ್ತು ನಿಮಿಷ ತಡವಾಗಿತ್ತು. ಲೆಕ್ಕ ಹಾಕಲು ಆಕೆಗೆ ಕಾಗದ ಬೇಕಾಗಲಿಲ್ಲ. ಆರು ಜನರದ್ದು ಇನ್ನು ಮೂವರಿಗೆ.

ಪಟ್ಟಿಯಲ್ಲಿ ಆರನೆಯವರು ಆಕೆಯ ಅತ್ತಿಗೆ. ಶಸ್ತ್ರಚಿಕಿತ್ಸೆಯ ನಂತರ ರೋಗ ಮತ್ತೆಲ್ಲಾದರೂ ತಲೆಯೆತ್ತಿದೆಯೇ ಎಂದು ನೋಡಬೇಕಿತ್ತು. ಈ ವಾರ ದಾಟಬಾರದೆಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಈ ಮೊದಲೂ ಎರಡು ಸಲ ಡಬ್ಬಿ ತಡವಾಗಿ ಅತ್ತಿಗೆ ಖಾಲಿ ಹೊಟ್ಟೆಯಲ್ಲಿ ಕಾದು ಕಾದು ಬರಿಗೈಯಲ್ಲಿ ಮನೆಗೆ ಹೋಗಿದ್ದರು.

ಆಸ್ಪತ್ರೆಯ ತಂತ್ರಜ್ಞ ತಾನಾಗಿಯೇ ಫೋನು ಮಾಡಿದ.

"ಅಕ್ಕಾ, ನಿಮ್ಮತ್ತಿಗೇನ ಮೊದ್ಲು ಕರ್ಕೊಂಡ್ಬಿಡ್ಲಾ? ಇಲ್ಲಿ ಯಾರೂ ಕೇಳಲ್ಲ."

ಹೂಂ ಅನ್ನಲು ಬಾಯಿ ತೆರೆದವಳು, ಮೊದಲ ಮೂವರು ಯಾರೆಂದು ವಿಚಾರಿಸಿದಳು. ಒಬ್ಬ ಬಸ್ ಚಾಲಕ, ಒಬ್ಬರು ಶಾಲೆಯ ಮೇಡಂ, ಗೋಡೆಗೊರಗಿ ನಿದ್ದೆಹೋದ ಒಬ್ಬ ಅಜ್ಜ. ಕೇಳಬಾರದಿತ್ತು.

"ಪಟ್ಟಿ ಹೇಗಿದ್ಯೋ ಹಾಗೇ ನಡೀಲಿ," ಎಂದಳು.

ಇತ್ತ ಪ್ರಯೋಗಾಲಯದಲ್ಲಿ, ಆ ದ್ರವ ತಯಾರಿಸುವ ಯಂತ್ರ ನಡೆಸುವವನು ಅಷ್ಟರಲ್ಲಿ ಮನೆಗೆ ಹೊರಟು ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದ. ಮಧ್ಯಾಹ್ನದ ವಿಮಾನಕ್ಕೆ ಇನ್ನೊಂದು ಡಬ್ಬಿ ಆಗಬೇಕೆಂದಾಗ ಆಕೆಯ ಮುಖವನ್ನೇ ನೋಡಿದ.

"ತಲೆ ನೆಟ್ಟಗಿದ್ಯೇನಮ್ಮ? ಈಗಷ್ಟೇ ಅದನ್ನ ಮಲಗಿಸಿ ಬಂದೆ."

"ಎಬ್ಬಿಸು ಮಾರಾಯ."

ಗೊಣಗುತ್ತಲೇ ಬೂಟು ಬಿಚ್ಚಿದ. ಮೂವರಿಗೆ ಸಾಕು, ಆದರೆ ಈ ಸಲ ಆಗಬಹುದಾದ ತಡವನ್ನೂ ಸೇರಿಸಿ ನಾಲ್ಕರಷ್ಟಲ್ಲ, ಎಂಟರಷ್ಟು ಎಂದು ಅವನಿಗೆ ಹೇಳಿ, ಆಕೆ ಅತ್ತಿಗೆಗೆ ಫೋನು ಹಚ್ಚಿದಳು.

"ಅತ್ತಿಗೆ, ಮನೆಗೆ ಹೋಗ್ಬೇಡಿ. ಸಂಜೆಗೆ ಇನ್ನೊಂದು ಡಬ್ಬಿ ಬರತ್ತೆ. ಅಲ್ಲೀವರೆಗೂ ಏನೂ ತಿನ್ನೋ ಹಾಗಿಲ್ಲ."

ಆ ಕಡೆಯಿಂದ ಅತ್ತಿಗೆ ಕೇಳಿದರು.

"ಬೆಳಗಿನದ್ರಲ್ಲೇ ನನ್ನ ಸೇರಿಸ್ಬಹುದಿತ್ತಲ್ಲೇ ನೀನು?"

"ಸೇರಿಸ್ಬಹುದಿತ್ತು."

ಅತ್ತಿಗೆ ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕು.

"ನೀರಾದ್ರೂ ಕುಡೀಬಹುದಾ?"

"ಕುಡೀರಿ ಅತ್ತಿಗೆ. ನೀರು ಎಷ್ಟು ಬೇಕಾದ್ರೂ ಕುಡೀರಿ."