ಜಮ್‌ಜಮ್ ನೀರಿನ ಬಟ್ಟೆ

ನದಿಯ ಹಡಗುಗಳನ್ನು ತೊಟ್ಟಿಗೆ ಬಿಟ್ಟುಕೊಂಡು ಏರಿಸಿ ಇಳಿಸುವ ಎಸ್ನಾದ ಲಾಕ್‌ಗೇಟಿನ ಬಳಿ ದೋಣಿ ವ್ಯಾಪಾರ ಮಾಡುವವರಲ್ಲಿ ಬುಗ್ದಾದಿಯಂಥ ಗುರಿಗಾರ ಇನ್ನೊಬ್ಬನಿರಲಿಲ್ಲ. ಸರದಿಗೆ ಕಾದು ನಿಂತ ಪ್ರವಾಸಿ ಹಡಗಿಗೆ ಹಗ್ಗ ಬಿಗಿದು, ಮೇಜುಬಟ್ಟೆಯ ಪ್ಲಾಸ್ಟಿಕ್ ಚೀಲವನ್ನು ಮೇಲಟ್ಟಕ್ಕೆ ಎಸೆದನೆಂದರೆ ಕೇಳಿದವರ ಮಡಿಲಿಗೇ ಬೀಳಬೇಕು. ಹಿಡಿಸಿದರೆ ಅವರು ಚೀಲದಲ್ಲಿ ದುಡ್ಡು ಹಾಕಿ ಕೆಳಗೆ ಎಸೆಯುತ್ತಾರೆ, ಹಿಡಿಸದಿದ್ದರೆ ಬಟ್ಟೆಯನ್ನೇ. ಇಪ್ಪತ್ತೆರಡು ವರ್ಷದಿಂದ ಅವನ ಕೈ ಕಣ್ಣಿನ ಹಂಗಿಲ್ಲದೆ ಇದನ್ನು ಮಾಡುತ್ತಿತ್ತು. ಅವತ್ತು ಅವನ ಮನೆ ಮುರಿದದ್ದೂ ಆ ಹಾಳು ಕೈಯೇ.

ಬೆಳಿಗ್ಗೆ ಆಚೆ ದಡಕ್ಕೆ ಹೋಗಿ, ಮೆಕ್ಕಾದಿಂದ ಮರಳಿದ ಹಾಜಿಯೊಬ್ಬರಿಂದ ತಾಯಿಯ ಕಫನ್ ತಂದಿದ್ದ. ಜಮ್‌ಜಮ್ ಎಂಬ ಅಲ್ಲಿನ ಪವಿತ್ರ ಬಾವಿಯ ನೀರಿನಲ್ಲಿ ಅದ್ದಿ ಒಣಗಿಸಿದ, ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ. ಕಣ್ಣು ಹೋಗಿ ಹಾಸಿಗೆ ಹಿಡಿದ ಮುದುಕಿ ಫಹೀಮಾ ವಾರದಿಂದ ಊಟ ಬಿಟ್ಟು ಅದೊಂದನ್ನೇ ಕೇಳುತ್ತಿದ್ದಳು. ಮೇಜುಬಟ್ಟೆಗಳಂಥದ್ದೇ ಚೀಲದಲ್ಲಿ ಅದು ಅವನ ಕಾಲಬುಡದಲ್ಲಿತ್ತು. ನೆಟ್ಟಗೆ ಮನೆಗೆ ಹೋಗಬಹುದಿತ್ತು. ಅಷ್ಟರಲ್ಲಿ ಹಡಗು ಕಂಡಿತು.

"ಇದೊಂದು ಮುಗಿಸ್ಕೊಂಡು ಹೋಗಾಣ ಕಣೋ," ಅಂದ ಹುಟ್ಟು ಹಾಕುತ್ತಿದ್ದ ಸೋದರತ್ತೆಯ ಮಗ ನೂಬಿ.

ಮೇಲಿಂದ ಹಳದಿ ಟೋಪಿಯ ಹೆಂಗಸೊಬ್ಬಳು ಬಿಳಿಯದು ಬೇಕೆಂದು ಸನ್ನೆ ಮಾಡಿದಳು. ಕೈ ಎಸೆದೇಬಿಟ್ಟಿತು. ಆಮೇಲೆ ಬುಗ್ದಾದಿ ಕಾಲಬುಡ ನೋಡಿಕೊಂಡ. ಕಫನ್ನಿನ ಚೀಲ ಅಲ್ಲಿರಲಿಲ್ಲ.

"ಮೇಡಂ, ನೋ! ಅದು ಮಾರೋದಲ್ಲ! ವಾಪಸ್ ಎಸೀರಿ!"

ಅವಳು ನಕ್ಕು ನೋಟೊಂದನ್ನು ಚೀಲದಲ್ಲಿ ಹಾಕಿ ಎಸೆದಳು. ಇವನು ಅದನ್ನು ಹಾಗೇ ಮೇಲಕ್ಕೆ ಎಸೆದ. ಅವಳು ಇನ್ನೊಂದು ಸೇರಿಸಿ ಎಸೆದಳು. ಅವಳ ಪಾಲಿಗೆ ಇದು ಚೌಕಾಸಿ! ಬುಗ್ದಾದಿ ಎದೆ ಬಡಿದುಕೊಂಡ, ತಲೆ ಚಚ್ಚಿಕೊಂಡ. ಅಟ್ಟದ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ಕಫನ್ನನ್ನು ಹೆಗಲಿಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಂಡಳು. ಕೊನೆಗೆ ಮೂರು ನೋಟು ಬಂದು ದೋಣಿಯಲ್ಲಿ ಬಿದ್ದವು.

"ಭಲೇ ನಾಟಕ ಕಣಯ್ಯಾ, ರೇಟು ಏರ್ತಾ ಇದೆ!" ಎಂದು ಪಕ್ಕದ ದೋಣಿಯವನು ಕೂಗಿದ.

"ಬಾಯ್ಮುಚ್ಚೋ, ಅದು ನಮ್ಮತ್ತೆ ಕಫನ್ನು!" ಅಂದ ನೂಬಿ.

ಆಗ ದೋಣಿಯವರೆಲ್ಲ ವಾಪಸ್ ಕೊಡಿ ಎಂದು ಒಟ್ಟಿಗೆ ಅರಚತೊಡಗಿದರು. ಮೇಲಿನವರಿಗೆ ಇನ್ನಷ್ಟು ಮೋಜಾಯಿತು.

ಗೇಟು ತೆರೆಯಿತು. ಹಡಗು ಕಾಂಕ್ರೀಟ್ ತೊಟ್ಟಿಯೊಳಗೆ ನುಗ್ಗಿತು, ಕಾವಲಿನವರು ದೋಣಿಗಳನ್ನು ಹಿಂದಟ್ಟಿದರು. ಬುಗ್ದಾದಿ ನೋಟುಗಳನ್ನು ಜೇಬಿಗೆ ತುರುಕಿ, ದಡಕ್ಕೆ ಹಾರಿ ಗೋಡೆಯ ಮೇಲೆ ಓಡಿದ. ತೊಟ್ಟಿಯ ನೀರು ಇಳಿದಂತೆ ಹಡಗೂ ಇಳಿಯುತ್ತದೆ, ಮೇಲಟ್ಟ ಗೋಡೆಯ ಸಮಕ್ಕೇ ಬರುತ್ತದೆ, ಆಗ ಕೈ ಚಾಚಿದರೆ ಸಾಕು. ಹತ್ತು ನಿಮಿಷ ಅವನು ಗೋಡೆಯ ಅಂಚಿನಲ್ಲಿ ಕಾದು ನಿಂತ.

ಅಟ್ಟ ಸಮಕ್ಕೇನೋ ಬಂತು. ಆದರೆ ಅಷ್ಟರಲ್ಲಿ ಊಟದ ಗಂಟೆ ಹೊಡೆದಾಗಿತ್ತು. ಬರೀ ಕುರ್ಚಿಗಳು, ಮತ್ತೆ ಲೋಟ ಎತ್ತುತ್ತಿದ್ದ ನರೆಗೂದಲಿನ ಸರ್ವರ್ ಒಬ್ಬ.

"ಅಣ್ಣಾ, ಹಳದಿ ಟೋಪಿ ಮೇಡಂ, ಬಿಳಿ ಬಟ್ಟೆ..."

"ಎಲ್ಲರ ಹತ್ರಾನೂ ಬಿಳಿ ಬಟ್ಟೇನೇ ಮಾರಾಯಾ. ಊಟಕ್ಕೆ ಕೂತೋರನ್ನ ಎಬ್ಬಿಸಿದ್ರೆ ನನ್ನ ಕೆಲಸ ಹೋಗುತ್ತೆ."

"ನಮ್ಮವ್ವನ ಕಫನ್ ಅಣ್ಣಾ ಅದು. ಸಾಯ್ತಾ ಇದಾಳೆ."

ಆತ ತಟ್ಟೆ ಕೆಳಗಿಟ್ಟು, ಪುಣ್ಯಾತ್ಮ, ಒಳಗೆ ಓಡಿದ. ಅವನು ಹೊರಬರುವ ಮೊದಲೇ ಕೆಳಗಿನ ಗೇಟು ತೆರೆದು ಹಡಗು ಲಕ್ಸರ್ ಕಡೆ ಹೊರಟುಹೋಯಿತು.

ಬುಗ್ದಾದಿ ದೋಣಿಯಿಂದ ಬಿಳಿ ಮೇಜುಬಟ್ಟೆಯೊಂದನ್ನು ಆರಿಸಿಕೊಂಡು ಮನೆಗೆ ಹೋದ. ಬೇರೆ ದಾರಿ ತೋಚಲಿಲ್ಲ ಪಾಪ.

"ಅವ್ವಾ, ಕಫನ್ ತಂದಿದೀನಿ."

ಮುದುಕಿ ಬಟ್ಟೆಗೆ ಮುತ್ತಿಟ್ಟಳು. ಬೆರಳುಗಳು ಅಂಚಿನುದ್ದಕ್ಕೂ ಹರಿದಾಡಿ ನಿಂತವು.

"ಅಂಚು ಹೊಲಿದಿದೆಯಲ್ಲೋ. ಕಫನ್ನಿಗೆ ಯಾರಾದ್ರೂ ಹೊಲಿಗೆ ಹಾಕ್ತಾರಾ?"

ಅವನು ಅಂಚನ್ನು ಅವಳ ಬೆರಳಿನಿಂದ ಬಿಡಿಸಿಕೊಳ್ಳಲು ನೋಡಿದ.

"ಹಡಗಿನೋರಿಗೆ ಕೊಟ್ಯಾ?"

"ಕೈತಪ್ಪಿ ಹೋಯ್ತವ್ವಾ..."

"ದುಡ್ಡು ಕೊಟ್ರಾ?"

ಸುಳ್ಳು ಹೇಳಲು ಇನ್ನು ಬಾಯಿ ಬರಲಿಲ್ಲ.

"ಕೊಟ್ರು."

ಫಹೀಮಾ ಬಟ್ಟೆಯನ್ನು ನೀಟಾಗಿ ಮಡಿಸಿ ಮಗನ ಕೈಗಿಟ್ಟಳು. "ಹೋಗ್ಲಿ ಬಿಡು. ಒಳ್ಳೆ ರೇಟು ಬಂದಿರಬೇಕು," ಎಂದು ಗೋಡೆಯ ಕಡೆ ಮಗ್ಗುಲಾದಳು.

ಆಮೇಲೆ ಅವಳು ಅವನನ್ನು ಏನೂ ಕೇಳಲಿಲ್ಲ.